ಖಡಿ ಮಶೀನೂ ಮೂಡಲಗಿ ಬೀಗರೂ

ನಮ್ಮ ಸುಮಿತ್ರಾ ಖಡಿ ಮಶೀನಿನ ಆಪರೇಟರ್ ಆದಳು! ಯಾರೋ ರಜೆ ಹಾಕಿದ್ದಾರೆಂದು ಕೂಡಿಸಿದ್ದಲ್ಲ, ನೋಡೋಣವೆಂದು ಕೂಡಿಸಿದ್ದೂ ಅಲ್ಲ, ಕಾಯಂ. ಮೊನ್ನೆ ಸೋಮವಾರ ಬೆಳಿಗ್ಗೆ ಮಶೀನಿನ ಸಾಹುಕಾರರು ಕ್ಯಾಬಿನ್ನಿನ ಚಾವಿಯನ್ನು ಅವಳ ಅಂಗೈಯಲ್ಲಿಟ್ಟು, "ಇನ್ನ ಇದು ನಿಂದ ನೋಡವಾ" ಅಂದರಂತೆ. ಎತ್ತಿನ ತಲೆಯಷ್ಟು ದೊಡ್ಡ ಕಲ್ಲನ್ನು ನುಂಗಿ ಕಡಲೆಕಾಳಿನಷ್ಟು ಜಲ್ಲಿ ಮಾಡಿ ಉಗುಳುವ ಮಶೀನು ಅದು. ಅದರ ಚಾವಿ ನನ್ನ ಮೊಮ್ಮಗಳ ಹತ್ತಿರ! ಸುದ್ದಿ ಕೇಳಿದ ಮೇಲೆ ನನಗೆ ಮನೆಯಲ್ಲಿ ನಿಲ್ಲಲಾಗಲಿಲ್ಲ. ಹಾಲು ಹಾಕುವವನಿಗೆ ಹೇಳಿದೆ, ಕಿರಾಣಿ ಅಂಗಡಿಯಲ್ಲಿ ಹೇಳಿದೆ, ಅಂಕಲಗಿ ಬಸ್ ಸ್ಟ್ಯಾಂಡಿನಲ್ಲಿ ಗುರುತು ಪರಿಚಯವಿಲ್ಲದ ಒಬ್ಬಾಕೆಗೂ ಹೇಳಿದೆ. ಆಕೆ "ಛಲೋ ಆತ ಬಿಡ್ರಿ" ಅಂದು ಗೋಕಾಕದ ಬಸ್ಸು ಹತ್ತಿದಳು. ಹೆಂಗಸರಿಗೆ ಬಸ್ಸು ಪುಕ್ಕಟೆ ಇದೆಯಲ್ಲ, ನಾನೂ ಹಿಂದೆಯೇ ಹತ್ತಿ ಉಳಿದದ್ದನ್ನು ಹೇಳಿಬಿಡೋಣವೆಂದು ಒಂದು ಕಾಲು ಮೇಲಿಟ್ಟಿದ್ದೆ. ಕಂಡಕ್ಟರ್ ಸೀಟಿ ಊದಿದ.

ಈಗ ಇಷ್ಟು ಸಂತೋಷದೊಳಗೆ ಸಿಕ್ಕಿಕೊಂಡ ಒಂದು ಹರಳನ್ನೂ ತೋರಿಸಿಬಿಡುತ್ತೇನೆ. ಆ ಸುದ್ದಿ ನನಗೆ ಎರಡನೆಯದಾಗಿ ಬಂತು. ಮೊದಲ ಫೋನು ಹೋದದ್ದು ಮೂಡಲಗಿಗೆ.

ಮೂಡಲಗಿಯಲ್ಲಿ ನನ್ನ ಬೀಗರಿದ್ದಾರೆ, ಸಿದ್ದಪ್ಪನವರು. ನನ್ನ ಸೊಸೆ ಶೋಭಾಳ ತಂದೆ. ಸುಮಿತ್ರಾಳಿಗೆ ತಾಯಿ ಕಡೆಯ ಅಜ್ಜ. ಸಕ್ಕರೆ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದು ರಿಟೈರ್ ಆದವರು. ಬಹಳ ಒಳ್ಳೆಯ ಮನುಷ್ಯ. ಕುಡಿಯುವುದಿಲ್ಲ, ಸೇದುವುದಿಲ್ಲ, ಯಾರ ಮೇಲೂ ಸಿಟ್ಟಾಗುವುದಿಲ್ಲ. ಬೈಯಲು ಒಂದು ಕಾರಣವನ್ನಾದರೂ ಇಟ್ಟುಕೊಳ್ಳಬಾರದೇ! ಇಂಥವರ ಮೇಲೆ ಹೊಟ್ಟೆಕಿಚ್ಚು ಪಡುವುದು ಬಲು ತ್ರಾಸಿನ ಕೆಲಸ. ನಾನು ಸುಮಿತ್ರಾ ಹುಟ್ಟಿದಾಗಿನಿಂದ ಒಂದು ದಿನವೂ ಬಿಡದೆ ಮಾಡಿಕೊಂಡು ಬಂದಿದ್ದೇನೆ. ಕಾರ್ಖಾನೆಯ ಗದ್ದಲದಲ್ಲಿ ಅವರ ಕಿವಿ ಮಂದವಾಗಿದೆ. ಹಾಗಾಗಿ ಅವರಿಗೆ ಫೋನು ಮಾಡಿದರೆ ಒದರಬೇಕು. ಸೋಮವಾರ ಹುಡುಗಿ ಒದರಿದ ರೀತಿಗೆ ಮೂಡಲಗಿಗೆ ಫೋನಿಲ್ಲದೆಯೂ ಕೇಳಿಸಿರಬೇಕು. ನಮ್ಮ ಅಂಕಲಗಿ ಅದಕ್ಕಿಂತ ಎಷ್ಟೋ ಹತ್ತಿರ. ನನಗೆ ಮಾತ್ರ ಕೇಳಿಸಲಿಲ್ಲ.

ನೀವೇ ಹೇಳಿ, ಕಲ್ಲಿನ ವಿಷಯದಲ್ಲಿ ಮೊದಲ ಫೋನು ಯಾರಿಗೆ ಬರಬೇಕು? ಕಬ್ಬು ಅರೆದವರಿಗೋ, ಕಲ್ಲು ಒಡೆದವಳಿಗೋ?

ನಾನು ಮೂರನೇ ಇಯತ್ತೆವರೆಗೆ ಸಾಲೆ ಕಲಿತವಳು. ನಾಲ್ಕನೆಯದಕ್ಕೆ ಹೋಗಬೇಕು ಅನ್ನುವಷ್ಟರಲ್ಲಿ ನಮ್ಮೂರಿಗೆ ರಸ್ತೆಯ ಕೆಲಸ ಬಂತು. ನಮ್ಮದು ಕುರಿ ಕಾಯುವ ಮನೆತನ. ಅಪ್ಪ ಕುರಿಯ ಹಿಂದೆ ಹೋದರೆ ತಿಂಗಳುಗಟ್ಟಲೆ ಬರುತ್ತಿರಲಿಲ್ಲ. ಅವ್ವ ರಸ್ತೆಯ ಬದಿಗೆ ಕೂತು ಖಡಿ ಒಡೆಯುವಳು, ಪಕ್ಕದಲ್ಲಿ ನಾನು. ಕೆಳಗೆ ಒಂದು ದೊಡ್ಡ ಬಂಡೆ, ಅದರ ಮೇಲೆ ಒಡೆಯುವ ಕಲ್ಲು. ಹಳೆಯ ಟೈರು ಕತ್ತರಿಸಿ ಮಾಡಿದ ಬಳೆಯೊಳಗೆ ಆ ಕಲ್ಲನ್ನು ಹಿಡಿದಿರಬೇಕು, ಇಲ್ಲವಾದರೆ ಚೂರು ಹಾರಿ ಕಣ್ಣಿಗೇ ಬರುತ್ತದೆ. ಬೆರಳಿಗೆಲ್ಲ ಹಳೆಯ ಸೀರೆಯ ಚಿಂದಿ. ಸಂಜೆ ಕೆಲಸ ನೋಡುವ ಮುಕಾದಮ ಒಂದು ಕಬ್ಬಿಣದ ಬಳೆ ಹಿಡಿದುಕೊಂಡು ಬರುತ್ತಿದ್ದ. ಆ ಬಳೆಯಲ್ಲಿ ಹಾಯದ ಖಡಿಯನ್ನು ನಮ್ಮ ಮುಂದೆಯೇ ವಾಪಸ್ ಒಗೆಯುತ್ತಿದ್ದ. ಅವನು ಬರುವುದು ದೂರದಿಂದ ಕಂಡರೆ ಸಾಕು, ದಪ್ಪ ಖಡಿಗಳ ಮೇಲೆ ಲಂಗ ಹರವಿಕೊಂಡು ಕೂತುಬಿಡುವುದರಲ್ಲಿ ನಾನು ಜಾಣೆ. ಎದ್ದೇಳು ಅಂದರೆ ಕಾಲು ಜೋಮು ಹಿಡಿದಿದೆ ಅನ್ನುತ್ತಿದ್ದೆ.

ಕಲ್ಲಿಗೆ ನರ ಇರುತ್ತದೆ, ಗೊತ್ತೇ? ಹಿಡಿದು ತಿರುಗಿಸಿ ನೋಡಿದರೆ ಕಾಣುತ್ತದೆ, ಕಾಣದಿದ್ದರೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಕೇಳುತ್ತದೆ. ಆ ನರದ ಮೇಲೆ ಏಟು ಬಿದ್ದರೆ ಎರಡೇ ಏಟಿಗೆ ಕಲ್ಲು ಬಾಯಿ ಬಿಡುತ್ತದೆ. ಬೇರೆ ಕಡೆ ಬಿದ್ದರೆ ಹತ್ತು ಏಟು ಹಾಕಿದರೂ ಬೆಂಕಿಯ ಕಿಡಿ ಬರುತ್ತದೆ, ಕಲ್ಲು ಬರುವುದಿಲ್ಲ. ಇದು ಅವ್ವ ನನಗೆ ಕಲಿಸಿದ ವಿದ್ಯೆ. ನಮ್ಮ ಸಾಲೆಯ ಹೊಸ ಖೋಲಿಯ ಸ್ಲ್ಯಾಬಿಗೆ ನಾನು ಒಡೆದ ಖಡಿಯೇ ಹೋಯಿತು. ಹಾಗೆ ನೋಡಿದರೆ ನಾನು ಸಾಲೆ ಬಿಟ್ಟೇ ಇಲ್ಲ, ಮಕ್ಕಳ ತಲೆಯ ಮೇಲೆ ಇನ್ನೂ ಕೂತಿದ್ದೇನೆ.

ಮದುವೆಯಾಗಿ ಬಂದ ಮೇಲೂ ಸುತ್ತಿಗೆ ನನ್ನ ಜೊತೆಗೇ ಬಂತು. ಮಗ ಸಾಲೆಗೆ ಹೋಗುವ ಹೊತ್ತಿಗೆ ಈ ಕಡೆ ಖಡಿ ಮಶೀನು ಬಂತು. ಹತ್ತು ಜನ ಹೆಂಗಸರು ಎಂಟು ದಿನ ಒಡೆದು ಹಾಕುವ ರಾಶಿಯನ್ನು ಅದು, ನಾವು ಎಲೆಅಡಿಕೆ ಜಗಿದು ಮುಗಿಸುವಷ್ಟರಲ್ಲಿ ಹಾಕಿಬಿಟ್ಟಿತು. ಮುಕಾದಮ ನಮ್ಮನ್ನೆಲ್ಲ ಕರೆದು, "ಇನ್ನ ನೀವು ಅರಾಮ ಇರ್ರಿ" ಅಂದ. ಸವತಿ ಬಂದಾಗಲೂ ಹೀಗೇ ಹೇಳುತ್ತಾರೇನೋ. ಅಂದಿನಿಂದ ಬಸ್ಸಿನಲ್ಲಿ ಹೋಗುವಾಗ ಆ ಮಶೀನು ಕಂಡರೆ ನಾನು ಮುಖ ಆಚೆ ತಿರುಗಿಸಿ ಕೂರುತ್ತಿದ್ದೆ. ಅದು ನನ್ನ ಕಡೆ ಧೂಳು ಉಗುಳುತ್ತಿತ್ತು. ಲೆಕ್ಕ ಸಮ.

ಅಂಥದ್ದರಲ್ಲಿ ನನ್ನ ಮೊಮ್ಮಗಳೇ ಆ ಸವತಿಯ ಮನೆಗೆ ಕೆಲಸಕ್ಕೆ ಹೋಗಬೇಕೇ! ಗೋಕಾಕದಲ್ಲಿ ಐಟಿಐ ಮುಗಿಸಿದಳು. ರಜೆ ಬಂದರೆ ಮೂಡಲಗಿಗೆ ಓಡುವಳು, ಅಲ್ಲಿ ಬೀಗರು ಮೋಟರ್ ಬಿಚ್ಚಿ ಜೋಡಿಸುವುದನ್ನು ಕಲಿಸುವರು. ಪಾಸಾದಾಗ ತಮ್ಮ ದೊಡ್ಡ ಪಾನಾವನ್ನೇ ಅವಳಿಗೆ ಕೊಟ್ಟರು. ಪಾನಾ ಅಂದರೆ ನಟ್ಟು ಬಿಚ್ಚುವ ಹತಾರ, ಇದು ಮೊಳದುದ್ದ ಇದೆ. ಅದನ್ನು ಅವಳು ಮಗುವಿನ ಹಾಗೆ ಚೀಲದಲ್ಲಿ ಮಲಗಿಸಿಕೊಂಡು ತಿರುಗುತ್ತಾಳೆ. ನನ್ನ ಸುತ್ತಿಗೆ ಅಟ್ಟದ ಮೇಲಿತ್ತು. ಅದನ್ನು ಯಾರೂ ಕೇಳಲಿಲ್ಲ. ನಾನೂ ಕೊಡಲಿಲ್ಲ. ಕೇಳದೆ ಕೊಟ್ಟರೆ ಬೆಲೆ ಎಲ್ಲಿ ಉಳಿಯುತ್ತದೆ?

ಹುಕ್ಕೇರಿ ಕಡೆ ಗುಡ್ಡದ ಬುಡದಲ್ಲಿ ಒಂದು ಕ್ರಷರ್ ಇದೆ. ಅಲ್ಲಿ ಸುಮಿತ್ರಾ ಮೊದಲು ಕಾಟಾದಲ್ಲಿ, ಅಂದರೆ ಲಾರಿ ತೂಗುವ ಕಡೆ, ಚೀಟಿ ಬರೆಯುತ್ತಿದ್ದಳು. ಅಲ್ಲಿಯ ಮಿಸ್ತ್ರಿ ಮೌಲಾಸಾಬರಿಗೆ ಮೊಣಕಾಲು ನೋವು. ಕ್ಯಾಬಿನ್ನಿನ ನಿಚ್ಚಣಿಕೆ ಹತ್ತುವುದು ಆಗದೆ, ಈ ಹುಡುಗಿಯನ್ನು ಹತ್ತಿಸಿ ಹತ್ತಿಸಿ ಎಲ್ಲ ಕಲಿಸಿದರು. "ಸಾವ್ಕಾರ್ರ, ನನ್ನ ಬದ್ಲಿ ಇಕಿನ್ನ ಕುಂಡ್ರಸ್ರಿ, ನನ್ನ ಮೊಣಕಾಲು ನಿಮಗ ದುವಾ ಕೊಡತಾವು" ಅಂದರಂತೆ.

ಅವಳು ಆ ಕೆಲಸ ಕಲಿಯುತ್ತಿದ್ದಾಗ ಒಂದು ದಿನ ಬೀಗರು ನಮ್ಮ ಪಡಸಾಲೆಯಲ್ಲಿ ಕೂತು ಮಶೀನಿನ ಗುಟ್ಟು ಹೇಳಿದರು. ಎರಡೂ ಅಂಗೈ ಎದುರುಬದುರು ಹಿಡಿದರು. ಮೇಲೆ ಅಗಲ, ಕೆಳಗೆ ಇಕ್ಕಟ್ಟು.

"ನೋಡವಾ ಸುಮಿ, ಈ ಕೈ ಅಲುಗೂದಿಲ್ಲ. ಇದು ನಿಂತ ದವಡಿ. ಇನ್ನೊಂದು ಹಿಂದ ಮುಂದ ಆಡತೈತಿ. ಮ್ಯಾಲಿಂದ ಕಲ್ಲ ಬಿತ್ತು. ದವಡಿ ಮುಂದ ಬಂತು, ಕಲ್ಲ ಒಡೀತು. ಹಿಂದ ಸರೀತು, ಒಡದದ್ದು ಕೆಳಗ ಜಾರಿತು. ಮತ್ತ ಒತ್ತು, ಮತ್ತ ಬಿಡು. ಕೆಳಗಿನ ಸಂದ್ಯಾಗ ಹಾಯೂವಷ್ಟು ಸಣ್ಣ ಆಗೂತನಕಾ ಬಿಡೂದಿಲ್ಲ."

"ನಮ್ಮ ಮುಕಾದಮನೂ ಬಿಡತಿದ್ದಿಲ್ಲ" ಎಂದೆ ನಾನು ಒಳಗಿನಿಂದ.

"ಏನಂದ್ರಿ ಬೀಗತೇರ?"

"ಚಾ ಆರಾಕತ್ತೇತಿ ಅಂದ್ನಿರಿ!"

ಅವರು ಚಹಾ ಕುಡಿದು ಮುಂದುವರಿಸಿದರು. ದವಡೆಯಿಂದ ಬಿದ್ದ ಕಲ್ಲು ಬೆಲ್ಟು ಹತ್ತಿ ಎರಡನೇ ಮಶೀನಿಗೆ ಹೋಗುತ್ತದಂತೆ. ಅಲ್ಲಿ ಉಕ್ಕಿನ ಬಟ್ಟಲು, ಅದರ ನಡುವೆ ಉಕ್ಕಿನ ಗುಂಡು. ಗುಂಡು ಓಲಾಡುತ್ತ ಸುತ್ತುತ್ತದೆ. ಯಾವ ಬದಿಗೆ ಓಲುತ್ತದೋ ಅಲ್ಲಿ ಕಲ್ಲು ನುರಿಯುತ್ತದೆ, ಎದುರು ಬದಿಯಲ್ಲಿ ನುರಿದದ್ದು ಕೆಳಗಿಳಿಯುತ್ತದೆ.

"ಅಂದ್ರ ನಮ್ಮ ಒಳಕಲ್ಲ" ಅಂದೆ.

"ಆಮ್ಯಾಲ ಮೂರು ಅಂತಸ್ತಿನ ಜಾಳಗಿ ಇರತೈತಿ ಆಯಿ" ಎಂದು ಸುಮಿತ್ರಾ ನಡುವೆ ಬಾಯಿ ಹಾಕಿದಳು. "ಗಡಗಡ ಅಲುಗತೈತಿ. ಸಣ್ಣದು ಕೆಳಗ, ನಡುವಿನದು ನಡುವ. ದಪ್ಪಂದು ಮತ್ತ ವಾಪಸ್ ಹೋಗಿ ಅರೆಸಿಕೊಂಡ ಬರಬೇಕು."

"ಸಾಣಿಗಿ. ದಿನಾ ಹಿಟ್ಟ ಸಾಣಿಸತೇನಿ, ನನಗೇನು ಹೇಳತಿ?"

ಅಷ್ಟು ದೊಡ್ಡ ಮಶೀನು ನನ್ನ ಅಡುಗೆ ಮನೆಯಿಂದ ಎಲ್ಲ ಕದ್ದುಕೊಂಡು ಹೋಗಿದೆ ಎಂದು ಅಂದು ನನಗೆ ಗೊತ್ತಾಯಿತು. ಆದರೆ ಹುಡುಗಿ ಕಣ್ಣರಳಿಸಿ ನೋಡಿದ್ದು ನನ್ನ ಒಳಕಲ್ಲನ್ನಲ್ಲ, ಬೀಗರ ಎರಡು ಕೈಗಳನ್ನು.

ಇನ್ನೊಂದು ಮಾತು ಹೇಳದಿದ್ದರೆ ಊಟ ಜೀರ್ಣವಾಗುವುದಿಲ್ಲ. ಆ ದವಡೆಗಳ ಕೆಳಗಿನ ಸಂದಿ ಎಷ್ಟಿದೆ ಎಂದು ಅಳೆಯಬೇಕಲ್ಲ, ಒಳಗೆ ಕೈ ಹಾಕುವಂತಿಲ್ಲ. ಅದಕ್ಕೆ ಮೆತ್ತಗಿನ ಸೀಸದ ಗುಂಡನ್ನು ತಂತಿಗೆ ಕಟ್ಟಿ, ಮಶೀನು ಖಾಲಿ ನಡೆಯುವಾಗ ಒಳಗೆ ಇಳಿಬಿಡುತ್ತಾರೆ. ದವಡೆ ಅದನ್ನು ಅಗಿಯುತ್ತದೆ. ಮೇಲೆ ಎಳೆದು, ಅಪ್ಪಚ್ಚಿಯಾದ ಸೀಸ ಎಷ್ಟು ದಪ್ಪ ಇದೆ ನೋಡಿದರೆ ಅದೇ ಸಂದಿಯ ಅಳತೆ. ಸುಮಿತ್ರಾ ಮೊದಲ ಸಲ ತಾನೇ ಅಳೆದ ಸೀಸದ ಬಿಲ್ಲೆಯನ್ನು ಮನೆಗೆ ತಂದಳು. ನಾನು ಕೈ ಒರೆಸಿಕೊಂಡು ಬರುವಷ್ಟರಲ್ಲಿ ಅದು ಬೀಗರ ಅಂಗಿಯ ಕಿಸೆಯಲ್ಲಿತ್ತು. ಈಗಲೂ ಅವರು ಮೂಡಲಗಿ ಸಂತೆಯಲ್ಲಿ ಸಿಕ್ಕವರಿಗೆಲ್ಲ ತೆಗೆದು ತೋರಿಸುತ್ತಾರಂತೆ, "ನಮ್ಮ ಮೊಮ್ಮಗಳು ಮಾಡಿದ್ದು" ಅಂತ. ಮಾಡಿದ್ದು ಮಶೀನು!

ಹೀಗಿರುವಾಗ ದಸರೆ ಬಂತು, ಖಂಡೇ ಪೂಜೆ ಬಂತು. ಅಂದು ನಮ್ಮ ಕಡೆ ಕುಡುಗೋಲಿನಿಂದ ಹಿಡಿದು ಟ್ರ್ಯಾಕ್ಟರಿನವರೆಗೆ ಎಲ್ಲ ಹತಾರಗಳಿಗೂ ಪೂಜೆ. ಕ್ರಷರಿನಲ್ಲಿ ಮಶೀನು ತೊಳೆದು, ಹೂವು ಹಾಕಿ, ಮುಹೂರ್ತ ನೋಡಿ ಚಾಲೂ ಮಾಡುತ್ತಾರೆ. ಈ ಸಲ ಚಾಲೂ ಮಾಡುವವಳು ಸುಮಿತ್ರಾ ಎಂದು ಸಾಹುಕಾರರು ಹೇಳಿದ್ದರು. ಸರಿಯಾಗಿ ನಡೆಸಿದರೆ ಖುರ್ಚಿ ಅವಳದು, ಇಲ್ಲವಾದರೆ ಮತ್ತೆ ಕಾಟಾದ ಚೀಟಿ. ನಾವೆಲ್ಲ ಹೋದೆವು. ಬೀಗರೂ ಬಂದರು. ನಾನು ಅಟ್ಟದ ಮೇಲಿನ ಸುತ್ತಿಗೆಯನ್ನು ತೊಳೆದು, ಸೆರಗಿನಲ್ಲಿ ಸುತ್ತಿಕೊಂಡು ಹೋದೆ. ನನ್ನದೂ ಹತಾರವೇ ಅಲ್ಲವೇ?

ಅಲ್ಲಿ ಕಂಬಳಿ ಹಾಸಿ ಹತಾರಗಳನ್ನು ಸಾಲಾಗಿ ಇಟ್ಟಿದ್ದರು. ನಟ್ಟನಡುವೆ ಬೀಗರ ಪಾನಾ! ಅದಕ್ಕೆ ಎರಡೆಳೆಯ ಸೇವಂತಿಗೆ ಮಾಲೆ. ಜಾಗ ಉಳಿದಿದ್ದದ್ದು ಸಾಲಿನ ತುದಿಗೆ, ಎಣ್ಣೆ ಡಬ್ಬಿಯ ಪಕ್ಕದಲ್ಲಿ. ಇಷ್ಟು ವರ್ಷ ದುಡಿದ ಸುತ್ತಿಗೆಯನ್ನು ಎಣ್ಣೆ ಡಬ್ಬಿಯ ಪಕ್ಕದಲ್ಲಿ ಇಡಲೇ? ಸುತ್ತ ನೋಡಿದೆ. ಟಿಪ್ಪರ್‌ಗಳು ಕಲ್ಲು ಸುರಿಯಲು ಹತ್ತುವ ದಿಬ್ಬ ಕಂಡಿತು. ಮೇಲೆ ಹತ್ತಿದೆ. ಹಾಪರ್ ಅನ್ನುವ ದೊಡ್ಡ ಕಬ್ಬಿಣದ ಬುಟ್ಟಿಯ ತುಂಬ ಕಲ್ಲು, ಕಲ್ಲಿನ ಮೇಲೆಲ್ಲ ಹೂವು. ಎಲ್ಲಕ್ಕಿಂತ ಮೇಲಿನ ಕಲ್ಲಿನ ಮೇಲೆ ನನ್ನ ಸುತ್ತಿಗೆ ಮಲಗಿಸಿ, ಕುಂಕುಮ ಹಚ್ಚಿ, ಕಾಣದಷ್ಟು ಹೂವು ಹಾಕಿದೆ. ಪಾನಾ ಕೆಳಗೆ, ಸುತ್ತಿಗೆ ಮೇಲೆ. ಮನಸ್ಸಿಗೆ ಎಷ್ಟು ತಂಪಾಯಿತೆಂದರೆ, ಇಳಿದು ಬಂದು ಬೀಗರನ್ನು ನಾನಾಗಿಯೇ "ಅರಾಮರೀ?" ಎಂದು ಮಾತಾಡಿಸಿದೆ.

ಆರತಿ ಮುಗಿದ ಕೂಡಲೇ ಹತ್ತಿ ತೆಗೆದುಕೊಳ್ಳಬೇಕು ಎಂದಿತ್ತು. ಆದರೆ ಆರತಿ ಮುಗಿದ ಕೂಡಲೇ ಕೊಬ್ಬರಿ ಸಕ್ಕರೆ ಹಂಚಲು ಬಂದರು. ನನಗೆ ಒಂದು ಸಲ ಕೊಟ್ಟರು, ಬೀಗರಿಗೆ ಎರಡು ಸಲ ಕೊಟ್ಟರು. ಮೂರನೆಯ ಸಲವೂ ಕೊಡುತ್ತಾರೇನೋ ಎಂದು ನಾನು ನೋಡುತ್ತ ನಿಂತೆ. ಅಷ್ಟರಲ್ಲಿ ಭೋಂಗಾ ಕೂಗಿತು.

ಚಕ್ರ ತಿರುಗಿತು. ಕ್ಯಾಬಿನ್ನಿನ ಗಾಜಿನ ಹಿಂದೆ ಸುಮಿತ್ರಾಳ ಹಳದಿ ಟೊಪ್ಪಿಗೆ. ಕಲ್ಲು ದವಡೆಗೆ ಬಿತ್ತು, ಗುಡುಗುಡು ಎಂದು ನೆಲ ನಡುಗಿತು, ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಆಮೇಲೆ 'ಠಣ್' ಎಂದು ಒಂದು ಸಪ್ಪಳ. ಆ ದನಿಯನ್ನು ನಾನು ನಿದ್ದೆಯಲ್ಲಿದ್ದರೂ ಗುರುತು ಹಿಡಿಯುತ್ತೇನೆ. ಚಪ್ಪಾಳೆ ತಟ್ಟುತ್ತಿದ್ದ ನನ್ನ ಎರಡೂ ಕೈ ಗಾಳಿಯಲ್ಲೇ ನಿಂತವು. ಹಿಂದೆಯೇ 'ಖಟಾರ್' ಅಂತ ಏನೋ ಮುರಿಯಿತು. ದವಡೆ ಸೋತು ಬಿತ್ತು.

ಮೌಲಾಸಾಬರು ಮೊಣಕಾಲು ನೋವನ್ನು ಮರೆತು ಹತ್ತಿದರು. ಚಕ್ರ ಪೂರಾ ನಿಂತ ಮೇಲೆ ಕೊಕ್ಕೆ ಹಾಕಿ ಎಳೆದು ಎತ್ತಿ ಹಿಡಿದರು. "ಸುತ್ತಿಗಿ ಐತ್ರಿ ಸಾವ್ಕಾರ್ರ. ಖಡಿ ಒಡಿಯೂ ಸುತ್ತಿಗಿ. ಕುಂಕುಮ ಬ್ಯಾರೆ ಹಚ್ಯಾರ ಇದಕ್ಕ!"

"ಯಾರದದು?" ಸಾಹುಕಾರರ ಮುಖ ಕೆಂಪಾಗಿತ್ತು.

ಸುಮಿತ್ರಾ ಕೆಳಗಿಳಿದು ಬಂದಿದ್ದಳು. ಸುತ್ತಿಗೆ ನೋಡಿದಳು. ನನ್ನನ್ನು ಒಮ್ಮೆ ನೋಡಿದಳು, ಮುಖ ತಿರುಗಿಸಿದಳು. "ಯಾರದರ ಇರ್ಲಿರಿ. ಚಾಲೂ ಮಾಡೂಕಿಂತ ಮೊದಲ ಹಾಪರ್ ಹತ್ತಿ ನೋಡೂದು ನನ್ನ ಕೆಲಸ. ಹೂವಿನ ಮ್ಯಾಲ ಕಾಲ ಇಡಬಾರದಂತ ನೋಡಲಿಲ್ಲ. ತಪ್ಪು ನಂದರಿ."

"ಹಂಗಾರ ಚಾವಿ ಇಲ್ಲಿ ಕೊಡು. ಹೋಗು, ಕಾಟಾದಾಗ ಕುಂಡ್ರು."

ಅವಳು ಚಾವಿಗೆ ಕೈ ಹಾಕಿದಳು. ನಾನು ಎಂಥ ಹೆದರುಪುಕ್ಕಲಿ ಎಂದು ಆ ದಿನವೇ ನನಗೆ ಗೊತ್ತಾದದ್ದು. ಅವಳ ಅಷ್ಟು ದಿನದ ಕಲಿಕೆ ನನ್ನ ಕಣ್ಣೆದುರಿಗೇ ಕಳಚಿ ಬೀಳುತ್ತಿದೆ, ನಾನು ಸೆರಗಿನ ತುದಿ ತಿರುವುತ್ತ ನಿಂತಿದ್ದೇನೆ. ಆಗ ಬೀಗರು ಮುಂದೆ ಬಂದರು. ನನ್ನ ಮುಖ ನೋಡಿ ಎಲ್ಲ ತಿಳಿದುಕೊಂಡಿದ್ದರು ಅಂತ ಕಾಣುತ್ತದೆ.

"ಸಾವ್ಕಾರ್ರ, ಹುಡುಗೀದೇನೂ ತಪ್ಪಿಲ್ಲರಿ. ಆ ಸುತ್ತಿಗಿ ನಂದು. ಪೂಜಿಗಂತ ನಾನ ಇಟ್ಟಿದ್ನಿ."

ಅವರು ನನ್ನ ಮಾನ ಉಳಿಸಲು ಹಾಗೆ ಅಂದದ್ದು ಎಂದು ಈಗ ತಿಳಿಯುತ್ತದೆ. ಆ ಗಳಿಗೆಗೆ ತಿಳಿದದ್ದು ಒಂದೇ. ಹುಡುಗಿಯ ರಜೆಗಳು ಅವರ ಪಾಲು, ಸೀಸದ ಬಿಲ್ಲೆ ಅವರ ಪಾಲು, ಎರಡು ಸಲ ಪ್ರಸಾದ ಅವರ ಪಾಲು. ಈಗ ನನ್ನ ಸುತ್ತಿಗೆಯೂ ಅವರದೇ? ನನ್ನ ತಪ್ಪೂ ಅವರದೇ?

"ಸುಳ್ಳ! ಸುಳ್ಳರಿ ಸಾವ್ಕಾರ್ರ!" ನನ್ನ ದನಿ ನನಗೇ ಗುರುತು ಸಿಗಲಿಲ್ಲ. "ಅದು ನಂದು! ಹಿಡಿಕಿ ಮ್ಯಾಲ ನನ್ನ ಹೆಬ್ಬಟ್ಟಿನ ಕುಳಿ ಬಿದ್ದೈತಿ, ಬೇಕಾರ ಇಟ್ಟ ನೋಡ್ರಿ!"

"ಇಲ್ರಿ, ನಂದ" ಎಂದರು ಬೀಗರು, ತಗ್ಗದೆ.

"ನಿಮ್ಮದು ಪಾನಾ! ಕಂಬಳಿ ಮ್ಯಾಲ ಕುಂತೈತಿ ನೋಡ್ರಿ, ರಾಣಿ ಹಂಗ! ಸುತ್ತಿಗಿ ನಂದು, ಇಟ್ಟಾಕಿ ನಾನು, ಮರತಾಕಿ ನಾನು!"

ಸಾಹುಕಾರರು ಇಬ್ಬರನ್ನೂ ನೋಡಿದರು. "ಏ ಮೌಲಾ, ತಪ್ಪು ನಂದು ನಂದು ಅಂತ ಮೂರು ಮಂದಿ ಜಗಳಾಡೂದು ಎಲ್ಲೆರ ಕಂಡೀಯೇನೋ?" ಎಂದರು. ಸಿಟ್ಟಿನಲ್ಲಿ ಒಂದು ಬಿರುಕು ಬಿಟ್ಟಿತ್ತು.

ಮೌಲಾಸಾಬರು ಅದರೊಳಗೆ ಕೈ ಹಾಕಿದರು. ಎರಡು ತುಂಡಾದ ಒಂದು ಕಬ್ಬಿಣದ ಹಲಗೆ ತಂದು ಸಾಹುಕಾರರ ಮುಂದೆ ಇಟ್ಟರು. "ಇದು ಟಾಗಲ್ ಪ್ಲೇಟರಿ. ದವಡಿ ಹಿಂದ ಒತ್ತುಗೊಟ್ಟು ನಿಂದರತೈತಿ. ಕಬ್ಬಿಣ ಸಿಕ್ಕಿತಂದ್ರ ಮೊದಲ ಇದ ಮುರೀಬೇಕು, ಇಲ್ಲಂದ್ರ ಶಾಫ್ಟ್ ಮುರೀತೈತಿ. ಮುರಿಯಾಕಂತನ ಮಾಡಿದ ಸಾಮಾನು. ಬ್ಯಾರೆದು ಶೆಡ್ಡಿನಾಗ ಐತಿ, ಸಂಜಿಯೊಳಗ ಹಾಕತೇನಿ. ಆದ್ರ ಹುಡುಗಿ ಏನ ಮಾಡಿದ್ಲು ನೋಡಿದ್ರೇನ್ರಿ? ಸಪ್ಪಳಾ ಬದಲಾದ ಕೂಡಲೆ ಮೊದಲ ಕಲ್ಲ ದೂಡೂ ಫೀಡರ್ ಬಂದ್ ಮಾಡಿದ್ಲು, ಆಮ್ಯಾಲ ಮಶೀನ. ಫೀಡರ್ ಹಂಗ ನಡದಿತ್ತಂದ್ರ ಬಾಯಿ ತುಂಬ ಕಲ್ಲ ಸಿಕ್ಕೊಂಡು ನಾವು ಎರಡು ದಿನ ಕೈಲೆ ತಗೀತಿದ್ವಿ. ಖರೆ ಹೇಳತೇನ್ರಿ, ನಾನಾದ್ರೂ ಇಷ್ಟು ಲಗೂ ಮಾಡತಿದ್ದಿಲ್ಲ."

ಸಾಹುಕಾರರು ಬಗ್ಗಿ ಆ ತುಂಡುಗಳನ್ನು ಜೋಡಿಸಿ ನೋಡಿದರು. ದೀಪಾವಳಿ ಮುಗಿಯುವತನಕ ಹುಡುಗಿ ನಡೆಸಲಿ, ಆಮೇಲೆ ವಿಚಾರ ಮಾಡೋಣ ಎಂದರು. ಹೋಗುವಾಗ ತಿರುಗಿ ನಿಂತು ಗೇಟಿನವನಿಗೆ ಹೇಳಿದರು, "ಈ ಅಮ್ಮನ್ನ ಮಾತ್ರ ಇನ್ನ ಒಳಗ ಬಿಡಬ್ಯಾಡ."

ಊರಿಗೆ ಮರಳುವ ಬಸ್ಸಿನಲ್ಲಿ ನಾನು ಅತ್ತೆ. ಸುಮಿತ್ರಾ ಕಿಟಕಿಯ ಕಡೆ ನೋಡುತ್ತ ಕೂತಿದ್ದವಳು ಸ್ವಲ್ಪ ಹೊತ್ತಿಗೆ ಕೇಳಿದಳು, "ಆಯಿ, ಅಷ್ಟು ಮ್ಯಾಲ ಯಾಕ ಇಟ್ಟಿ?"

"ಎಣ್ಣಿ ಡಬ್ಬಿ ಬಾಜೂಕ ಇಡಲ್ಯಾ ಮತ್ತ?"

"ನನಗ ಹೇಳಿದ್ರ ಪಾನಾದ ಬಾಜೂಕ ಇಡತಿದ್ನೆಲ್ಲ."

"ಬಾಜೂಕ!" ಎಂದೆ. ಅವಳಿಗೆ ನಗು ಬಂತು. ನಕ್ಕು ನಕ್ಕು ನನ್ನ ಹೆಗಲ ಮೇಲೆ ತಲೆ ಇಟ್ಟಳು. ಕೂದಲಲ್ಲಿ ಕಲ್ಲಿನ ಪುಡಿಯ ವಾಸನೆ. ನನ್ನ ಅವ್ವನ ಕೂದಲಿಗೂ ಇದೇ ವಾಸನೆ ಇತ್ತು.

"ಅಷ್ಟು ಗದ್ದಲದಾಗ ಕಬ್ಬಿಣ ಬಿತ್ತಂತ ನಿನಗ ಹೆಂಗ ಗೊತ್ತಾತವಾ?" ಎಂದು ಕೇಳಿದೆ.

"ಗೊತ್ತಿಲ್ಲ ಆಯಿ. ಕಿವೀಗೆ ಗೊತ್ತಾತು."

ನಿನ್ನಿಂದ ಬಂದದ್ದು ಆಯಿ, ಅನ್ನುತ್ತಾಳೇನೋ ಎಂದು ಎರಡು ಸ್ಟಾಪು ಕಾದೆ. ಅನ್ನಲಿಲ್ಲ. ನಿದ್ದೆ ಹೋಗಿದ್ದಳು.

ಅಂದಿನಿಂದ ನನ್ನ ಜಾಗ ಗೇಟಿನ ಹೊರಗೆ, ಬೇವಿನ ಗಿಡದ ಕೆಳಗಿನ ಕಲ್ಲು. ವಾರಕ್ಕೆರಡು ಸಲ ಬಿಸಿರೊಟ್ಟಿಯ ಬುತ್ತಿ ಕಟ್ಟಿಕೊಂಡು ಹೋಗುತ್ತಿದ್ದೆ, ಗೇಟಿನವನು ಒಳಗೆ ಒಯ್ದು ಕೊಡುತ್ತಿದ್ದ. ಬೀಗರು ಬಂದ ದಿನ ಮಾತ್ರ ನೋಡಬೇಕು. ಅವರಿಗೆ ಸಲಾಮು, ಅವರಿಗೆ ಹಳದಿ ಟೊಪ್ಪಿಗೆ. ಠೀವಿಯಿಂದ ಒಳಗೆ ಹೋಗಿ ಮೈತುಂಬ ಧೂಳು ಬಳಿದುಕೊಂಡು ಹೊರಬರುವರು. ಆ ಧೂಳಿನ ಮೇಲೂ ನನಗೆ ಹೊಟ್ಟೆಕಿಚ್ಚು. ನಾನು ಒಳಗಿನದನ್ನು ಏನೂ ಕಾಣೆ. ಕೂತು ಕೇಳುತ್ತಿದ್ದೆ, ಕೇಳಿದ್ದನ್ನು ಗೇಟಿನವನ ಮುಂದೆ ಹೇಳುತ್ತಿದ್ದೆ, ಅಷ್ಟೇ. ಸವತಿ ಎಂದು ಮುಖ ತಿರುಗಿಸಿದ್ದ ಮಶೀನಿಗೆ ಈಗ ಕಿವಿ ಕೊಟ್ಟು ಕೂರಬೇಕಾಯಿತು. ದೀಪಾವಳಿಯವರೆಗೆ ಅದರ ಸಪ್ಪಳ ಒಂದು ಗಳಿಗೆ ನಿಂತರೆ ಸಾಕು, ಮತ್ತೇನಾಯಿತೋ, ಹುಡುಗಿಯನ್ನು ಇಳಿಸಿದರೋ ಎಂದು ಎದ್ದು ನಿಲ್ಲುತ್ತಿದ್ದೆ. ಮತ್ತೆ ಗುಡುಗುಡು ಎಂದರೆ ಕೂರುತ್ತಿದ್ದೆ.

ಆ ಭಯವೆಲ್ಲ ಸೋಮವಾರ ಮುಗಿಯಿತು. ಖುರ್ಚಿ ಅವಳದಾಯಿತು. ಗೇಟಿನ ಮಾತು ಏನಾಯಿತೆಂದು ನಾನು ಕೇಳಿದೆ. "ಅದು ಹಂಗ ಐತಿ ಆಯಿ" ಅಂದಳು ಆಪರೇಟರ್ ಬಾಯಿ. ಇರಲಿ ಬಿಡಿ.

ಸಂಜೆಯ ಹೊತ್ತಿಗೆ ಬೀಗರು ಗೋಕಾಕದಲ್ಲಿ ಬಸ್ಸು ಬದಲಿಸಿ, ಹಾಗೇ ಕರದಂಟು ಕಟ್ಟಿಸಿಕೊಂಡು ಬಂದಿಳಿದರು. ನಾನು ಮಧ್ಯಾಹ್ನದಿಂದಲೇ ಹೂರಣ ರುಬ್ಬಿ, ಹೋಳಿಗೆ ಮಾಡಿ, ಕಟ್ಟಿನ ಸಾರು ಕುದಿಸಿ ಇಟ್ಟಿದ್ದೆ. ಹುಡುಗಿ ಹೊಸ್ತಿಲು ದಾಟಿ ಬಂದವಳು ಮೊದಲು ಕೈ ಹಾಕಿದ್ದು ಕರದಂಟಿನ ಪೊಟ್ಟಣಕ್ಕೆ. ನಾನು ನೋಡಿಯೂ ನೋಡದ ಹಾಗೆ ಸೌಟು ತಿರುವಿದೆ.

ಎಲ್ಲರೂ ಸಾಲಾಗಿ ಕೂತೆವು. ಮಗ, ಸೊಸೆ, ನಡುವೆ ಸುಮಿತ್ರಾ, ಅವಳ ಆಚೆ ಬೀಗರು. ನಾನು ಬಡಿಸುತ್ತೇನೆಂದರೆ ಶೋಭಾ ಕೇಳಲಿಲ್ಲ. "ಅತ್ತಿ, ಇವತ್ತ ನೀವೂ ಕುಂಡ್ರಬೇಕು" ಎಂದು ಕೈ ಹಿಡಿದು ಬೀಗರ ಎದುರಿಗೇ ಕೂಡಿಸಿದಳು. ಹೋಳಿಗೆಯ ಮೇಲೆ ತುಪ್ಪ ಬಿತ್ತು. ಸುಮಿತ್ರಾ ಚಾವಿ ಕೊಟ್ಟ ಕತೆಯನ್ನು ಮೂರನೆಯ ಸಲ ಹೇಳಿದಳು, ನಾವು ಮೊದಲನೆಯ ಸಲದಂತೆ ಕೇಳಿದೆವು.

ಬೀಗರು ಅರ್ಧ ಹೋಳಿಗೆ ತಿಂದು ಕೈ ತಡೆದರು. ಯಾವಾಗಲೂ ಗಟ್ಟಿಯಾಗಿ ಮಾತಾಡುವವರು ದನಿ ಇಳಿಸಿದರು.

"ಬೀಗತೇರ, ಒಂದ ಮಾತ ಕೇಳತೇನಿ, ನಗಬ್ಯಾಡ್ರಿ."

"ಕೇಳ್ರಿ."

"ಸುಮಿ ನಡಸೂ ಮುಂದ ಆ ಮಶೀನ ಹೆಂಗ ಸಪ್ಪಳಾ ಮಾಡತೈತ್ರಿ?"

ಚೇಷ್ಟೆ ಮಾಡುತ್ತಿದ್ದಾರೇನೋ ಎಂದು ನಾನು ಅವರ ಮುಖ ನೋಡಿದೆ.

"ನಾ ಒಳಗ ಹೋಗತೇನ್ರಿ. ಕಂಬಿ ಹಿಡದು ನಿಂತ್ರ ಅಂಗೈಯಾಗ ಜುಮುಜುಮು ಅಂತೈತಿ. ಕಿವಿಯಾಗ ಏನೂ ಇಲ್ಲ, ಬರೇ ಗಾಳಿ ಬೀಸಿಧಂಗ. ಆಯಿ ಗೇಟಿನ್ಯಾಗ ಕುಂತ ಎಲ್ಲಾ ಕೇಳತಾಳ, ಯಾವ ಲಾರಿ ಕಲ್ಲ ಗಟ್ಟಿ, ಯಾವುದು ಪೊಳ್ಳು ಅನ್ನೂದು ಸೈತ ಹೊರಗಿಂದನ ಹೇಳತಾಳ ಅಂತ ಸುಮಿ ಬಂದವರ ಮುಂದೆಲ್ಲಾ ಹೇಳಾಕತ್ತಾಳ." ತಾಟಿನ ಕಡೆ ನೋಡುತ್ತ ಮುಗಿಸಿದರು. "ಖರೆ ಹೇಳಬೇಕಂದ್ರ, ನನಗ ನಿಮ್ಮನ್ನ ಕಂಡ್ರ ಹೊಟ್ಟಿ ಉರೀತೈತ್ರಿ."

ನಾನು ಮೊಮ್ಮಗಳ ಕಡೆ ತಿರುಗಿದೆ. ಸುಮಿತ್ರಾ ತಲೆ ತಗ್ಗಿಸಿ ಸಾರು ಕಲಸುತ್ತಿದ್ದಳು, ಕಿವಿ ಕೆಂಪಗೆ. ಬಂದವರ ಮುಂದೆಲ್ಲ ಹೇಳುತ್ತಾಳಂತೆ! ನನ್ನ ಮುಂದೆ ಒಂದು ಸಲವೂ ಹೇಳಿರಲಿಲ್ಲ.

ಆಮೇಲೆ ನಾನು ಹೇಳಿದೆ. ಬೀಗರ ಕಿವಿಗೆ ಬೀಳಲೆಂದು ಬಗ್ಗಿ, ಒದರಿ ಹೇಳಿದೆ. "ಚಾಲೂ ಆಗೂ ಮುಂದ ಹಸದ ಎಮ್ಮಿ ಒದರಿಧಂಗ ಒದರತೈತ್ರಿ. ದವಡಿ ಖಾಲಿ ಇದ್ರ ಖಣಖಣ, ಖಣಖಣ. ಬ್ಯಾರೆಯವರು ಕುಂತ್ರ ತುಂಬತೈತಿ, ಖಾಲಿ ಆಗತೈತಿ, ಎಳೀ ಕೂಸು ಅತ್ತು ನಿಂದರಿಸಿಧಂಗ. ಸುಮಿ ಕುಂತ್ಲಂದ್ರ ಬಾಯಿ ಖಾಲಿ ಬಿಡೂದಿಲ್ಲ, ಉಸರುಗಟ್ಟಾಕೂ ಬಿಡೂದಿಲ್ಲ. ಒಂದ ಸಮ, ಗುಂ ಅಂತ. ಕಲ್ಲ ಕಲ್ಲನ್ನ ಒಡೀತೈತಿ. ಹೊಟ್ಟಿ ತುಂಬಿದವರು ಬೀಸೂಕಲ್ಲ ಮುಂದ ಕುಂತಂಗ."

ಅವರು ಕಣ್ಣು ಮುಚ್ಚಿ ಕೇಳಿದರು. ತುಪ್ಪದ ಬೆರಳುಗಳು ಮೊಣಕಾಲಿನ ಮೇಲೆ ಮೆಲ್ಲಗೆ ತಾಳ ಹಾಕುತ್ತಿದ್ದವು. ಆ ತಾಳ ಸರಿಯಾಗಿತ್ತು, ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಗೇಟಿನ ಹೊರಗೆ ಅಷ್ಟು ದಿನ ಕೂತು ನಾನು ಕೇಳಿದ್ದನ್ನು ಆ ಕಿವುಡು ಮನುಷ್ಯ ನಮ್ಮ ಪಡಸಾಲೆಯಲ್ಲಿ ಕೂತು ನನಗಿಂತ ಚೆನ್ನಾಗಿ ಕೇಳುತ್ತಿದ್ದರು.

ನನಗೆ ಮತ್ತೆ ಹೊಟ್ಟೆ ಉರಿಯಿತು. "ಶೋಭಾ, ನಿಮ್ಮಪ್ಪಗ ಇನ್ನೊಂದ ಹೋಳಿಗಿ ಹಾಕು" ಎಂದೆ, "ನನಗೂ ಒಂದು." ಎಲ್ಲರೂ ತಾಟಿನ ಕಡೆ ಬಗ್ಗಿದೆವು.